ತೆಂಗಿನ ಅಡುಗೆಮನೆ ತಲೆಯ ಮೇಲಿದೆ



ಹಲವು ವರ್ಷಗಳ ಹಿಂದಿನ ಮಾತು. ನಮ್ಮ ಅಕ್ಕನ ಮದುವೆ ಮೇ ತಿಂಗಳಿಗೆ ನಿಶ್ಚಯವಾಗಿತ್ತು. ಅಂಗಳ ತುಂಬ ಚಪ್ಪರ ಹಾಕಬೇಕು, ಕೈಯಲ್ಲಿ ದುಡ್ಡು ಅಷ್ಟಕ್ಕಷ್ಟೆ. ಮಡಲು ಕೊಂಡು ತರುವುದೇಕೆಂದು ತಂದೆಯವರು ಮನೆಯ ಸುತ್ತಲಿನ ಎಂಟು ತೆಂಗಿನ ಮರಗಳಿಂದ ಹಸಿ ಮಡಲುಗಳನ್ನೇ ಕಡಿಸಿದರು. ಒಂದೊಂದು ಮರದಿಂದ ಹನ್ನೆರಡು, ಹದಿನಾಲ್ಕು. ಮರ ಹತ್ತಿದವನು ಮೇಲಿನಿಂದಲೇ, “ಪೊರ್ಬುಗಳೇ, ಇಷ್ಟು ಕಡಿದರೆ ಮರಕ್ಕೆ ಆಗಲಿಕ್ಕಿಲ್ಲ” ಎಂದ. ತಂದೆಯವರು, “ಎಲೆ ಅಲ್ವಾ ಮಾರಾಯ, ಪುನಃ ಬರ್ತದೆ” ಎಂದರು. ಮದುವೆ ಚೆನ್ನಾಗಿ ನಡೆಯಿತು. ಚಪ್ಪರದ ನೆರಳನ್ನು ಎಲ್ಲರೂ ಹೊಗಳಿದರು.

ಆ ವರ್ಷ ಕಾಯಿಗೆ ಏನೂ ಕೊರತೆ ಕಾಣಲಿಲ್ಲ. ಮರುವರ್ಷ ಮಿಡಿಗಳು ರಾಶಿ ರಾಶಿಯಾಗಿ ಉದುರಿದವು. ಅದರ ಮುಂದಿನ ವರ್ಷ ಗೊನೆಗಳೇ ಸಣ್ಣದಾದವು. ದೃಷ್ಟಿ ತಾಗಿತೆಂದರು ಕೆಲವರು, ಮಳೆ ಹೆಚ್ಚಾಯಿತೆಂದರು ಇನ್ನು ಕೆಲವರು. ತಂದೆಯವರು ಮರಕ್ಕೆ ಆಹಾರ ಸಾಲದೆಂದು ಭಾವಿಸಿ ಸಾಲ ಮಾಡಿ ಗೊಬ್ಬರ ತಂದು ಬುಡಕ್ಕೇ ಸುರಿದರು. ಎರಡು ಮರಗಳು ಇನ್ನಷ್ಟು ಸೊರಗಿದವು. ಕೊನೆಗೆ ಕೃಷಿ ಭವನದಿಂದ ಬಂದ ಅಧಿಕಾರಿಯೊಬ್ಬರು ಬುಡವನ್ನು ನೋಡುವ ಮೊದಲು ತಲೆಯೆತ್ತಿ ಮೇಲೆ ನೋಡಿದರು. “ಮಡಲು ಕಡಿಸಿದ್ದೀರಾ?” ಎಂದು ಕೇಳಿದರು.

ಗಿಡ ಹೇಗೆ ಉಣ್ಣುತ್ತದೆ, ನೀರು ಹೇಗೆ ಮೇಲೇರುತ್ತದೆ, ಆಹಾರ ಹೇಗೆ ಕೆಳಗಿಳಿಯುತ್ತದೆ ಎಂಬುದು ಶಾಲೆಯ ವಿಜ್ಞಾನ ಪುಸ್ತಕದ ಪಾಠ ಮಾತ್ರ ಎಂದು ನಾವು ತಿಳಿದಿದ್ದೆವು. ಅದು ತಿಳಿಯದೆ ಹೋದದ್ದಕ್ಕೆ ನಮ್ಮ ಮನೆ ನಾಲ್ಕು ವರ್ಷ ಬೆಲೆ ತೆತ್ತಿತು. ಆದುದರಿಂದ ಈ ಸಲದ ಅಂಕಣದಲ್ಲಿ ಅದೇ ಪಾಠವನ್ನು ನಮ್ಮ ತೋಟದೊಳಗೆ ನಿಂತು ಓದೋಣ.

ಗೊಬ್ಬರ ಊಟವಲ್ಲ

ಮರವು ಮಣ್ಣನ್ನು ತಿಂದು ಬೆಳೆಯುತ್ತದೆ ಎಂಬ ನಂಬಿಕೆ ಬಹಳ ಹಳೆಯದು. ಬೆಲ್ಜಿಯಂ ದೇಶದ ವಾನ್ ಹೆಲ್ಮಾಂಟ್ ಎಂಬ ವೈದ್ಯ ಇದನ್ನು ತೂಕ ಹಾಕಿಯೇ ನೋಡಿದ. ಒಂದು ದೊಡ್ಡ ಕುಂಡದಲ್ಲಿ ಒಣಗಿಸಿ ತೂಗಿದ 200 ಪೌಂಡು ಮಣ್ಣು ತುಂಬಿ, 5 ಪೌಂಡು ತೂಕದ ವಿಲ್ಲೋ ಗಿಡವನ್ನು ನೆಟ್ಟು, ನೀರನ್ನು ಮಾತ್ರ ಕೊಡುತ್ತಾ ಬಂದ. ಐದು ವರ್ಷಗಳ ಬಳಿಕ ಗಿಡ 169 ಪೌಂಡಿಗಿಂತ ತುಸು ಹೆಚ್ಚು ತೂಗಿತು. ಮಣ್ಣನ್ನು ಪುನಃ ಒಣಗಿಸಿ ತೂಗಿದಾಗ ಕಡಿಮೆಯಾದದ್ದು ಸುಮಾರು 2 ಔನ್ಸ್, ಅಂದರೆ ನಮ್ಮ ಲೆಕ್ಕದಲ್ಲಿ 60 ಗ್ರಾಂಗೂ ಕಡಿಮೆ! ಅವನು ತೀರಿಕೊಂಡ ಮೇಲೆ, 1648ರಲ್ಲಿ, ಈ ಬರಹ ಅಚ್ಚಾಯಿತು. ಗಿಡದ ಮೈಯೆಲ್ಲ ನೀರಿನಿಂದಲೇ ಆಗಿದೆ ಎಂದು ಅವನು ತೀರ್ಮಾನಿಸಿದ. ಅದು ಅರ್ಧ ಸರಿ. ಉಳಿದರ್ಧ ಗಾಳಿಯಲ್ಲಿತ್ತು.

1779ರಲ್ಲಿ ಇಂಗೆನ್‌ಹೌಸ್ ಎಂಬ ಡಚ್ ವೈದ್ಯ, ಗಿಡದ ಹಸಿರು ಭಾಗ ಮಾತ್ರ, ಅದೂ ಬೆಳಕಿನಲ್ಲಿ ಮಾತ್ರ, ಗಾಳಿಯನ್ನು ಶುದ್ಧಗೊಳಿಸುತ್ತದೆ ಎಂದು ತೋರಿಸಿದ. ಮುಂದೆ ಬಂದ ವಿಜ್ಞಾನಿಗಳು ಉಳಿದದ್ದನ್ನು ಬಿಡಿಸಿಟ್ಟರು. ಒಣಗಿದ ಗಿಡದ ತೂಕದಲ್ಲಿ ಸುಮಾರು 95 ಭಾಗ ಇಂಗಾಲ, ಜಲಜನಕ ಮತ್ತು ಆಮ್ಲಜನಕ. ಇವು ಗಾಳಿ ಮತ್ತು ನೀರಿನಿಂದ ಬಂದವು. ಮಣ್ಣಿನಿಂದ ಬಂದದ್ದು ಸುಮಾರು 5 ಭಾಗ ಮಾತ್ರ. ಒಲೆಗೆ ಹಾಕಿದ ಕಟ್ಟಿಗೆ ಪೂರ್ತಿ ಉರಿದ ಮೇಲೆ ಒಂದು ಹಿಡಿ ಬೂದಿ ಉಳಿಯುತ್ತದಲ್ಲ, ಮಣ್ಣು ಕೊಟ್ಟದ್ದರಲ್ಲಿ ಹೆಚ್ಚಿನದು ಅದೇ.

ಹಾಗಾದರೆ ಗೊಬ್ಬರ ಬೇಡವೇ? ಬೇಕು. ಸಾರಿಗೆ ಉಪ್ಪು ಬೇಕಾದ ಹಾಗೆ. ಉಪ್ಪಿಲ್ಲದ ಸಾರು ರುಚಿಸದು, ಆದರೆ ಅಕ್ಕಿ ಇಲ್ಲದ ಮನೆಯಲ್ಲಿ ಉಪ್ಪನ್ನು ಎಷ್ಟು ಹಾಕಿದರೂ ಹೊಟ್ಟೆ ತುಂಬದು. ಎಲೆ ಕಳೆದುಕೊಂಡ ಮರದ ಬುಡಕ್ಕೆ ಗೊಬ್ಬರ ಸುರಿದ ನಮ್ಮ ಕೆಲಸ ಹಾಗೆಯೇ ಇತ್ತು.

ಎಲೆಯೊಳಗೆ ನಡೆಯುವ ಅಡುಗೆ

ಎಲೆಯ ಅಡಿಭಾಗದಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಬಾಯಿಗಳಿವೆ. ಇವುಗಳಿಗೆ ಪತ್ರರಂಧ್ರಗಳೆಂದು ಹೆಸರು. ಇವುಗಳ ಮೂಲಕ ಗಾಳಿಯಲ್ಲಿರುವ ಇಂಗಾಲದ ಡೈ ಆಕ್ಸೈಡ್ ಒಳಗೆ ಹೋಗುತ್ತದೆ. ಗಾಳಿಯ ಹತ್ತು ಸಾವಿರ ಭಾಗಗಳಲ್ಲಿ ಅದು ಇರುವುದು ನಾಲ್ಕು ಭಾಗಕ್ಕಿಂತ ತುಸು ಹೆಚ್ಚು ಮಾತ್ರ. ಬೇರಿನಿಂದ ನೀರು ಬರುತ್ತದೆ. ಎಲೆಗೆ ಹಸಿರು ಬಣ್ಣ ಕೊಡುವ ಪತ್ರಹರಿತ್ತು ಸೂರ್ಯನ ಬೆಳಕನ್ನು ಹಿಡಿದು, ಆ ಶಕ್ತಿಯಿಂದ ಇವೆರಡನ್ನೂ ಕೂಡಿಸಿ ಸಕ್ಕರೆ ಮಾಡುತ್ತದೆ. ಈ ಕೆಲಸದಲ್ಲಿ ಮಿಕ್ಕುವ ಆಮ್ಲಜನಕ ಹೊರಗೆ ಬರುತ್ತದೆ. ನಾವು ಉಸಿರಾಡುವುದು ಅದನ್ನೇ. ಇದಕ್ಕೆ ದ್ಯುತಿಸಂಶ್ಲೇಷಣೆ ಎಂಬ ದೊಡ್ಡ ಹೆಸರಿದೆ. ಬೆಳಕಿನ ಅಡುಗೆ ಎಂದರೆ ನಮಗೆ ಸಾಕು.

ಪತ್ರಹರಿತ್ತಿನ ಪ್ರತಿಯೊಂದು ಕಣದ ನಡುವೆ ಮೆಗ್ನೀಷಿಯಂ ಎಂಬ ಖನಿಜ ಕುಳಿತಿದೆ. ನಮ್ಮ ಮುರಕಲ್ಲಿನ ಗುಡ್ಡೆಗಳ ಮಣ್ಣು ಹುಳಿ ಮಣ್ಣು. ವರ್ಷಕ್ಕೆ ಮೂರು ಸಾವಿರ ಮಿಲ್ಲಿಮೀಟರಿಗೂ ಮಿಕ್ಕಿ ಸುರಿಯುವ ಮಳೆ ಮೆಗ್ನೀಷಿಯಂ, ಪೊಟ್ಯಾಷ್, ಬೋರಾನ್‌ಗಳನ್ನು ತೊಳೆದುಕೊಂಡು ಹೋಗುತ್ತದೆ. ಅಡುಗೆಯವನಿದ್ದೂ ಒಲೆ ಹೊತ್ತದಿದ್ದರೆ ಹೇಗೋ ಹಾಗೆ, ಎಲೆ ಇದ್ದೂ ಹಸಿರು ಕಳೆದುಕೊಂಡರೆ ಅಡುಗೆ ನಿಲ್ಲುತ್ತದೆ.

ಈಗ ತೆಂಗಿನ ಲೆಕ್ಕ ನೋಡಿ. ಚೆನ್ನಾಗಿರುವ ಪ್ರಾಯದ ಮರದ ತಲೆಯಲ್ಲಿ 30ರಿಂದ 40 ಮಡಲುಗಳಿರುತ್ತವೆ. ಸುಮಾರು ತಿಂಗಳಿಗೊಂದರಂತೆ ಹೊಸ ಮಡಲು ಬರುತ್ತದೆ. ಅಂದರೆ ಹನ್ನೆರಡು ಮಡಲು ಕಡಿದರೆ ಮರದ ಒಂದು ವರ್ಷದ ದುಡಿಮೆಯನ್ನು ಒಂದೇ ಬೆಳಿಗ್ಗೆ ನೆಲಕ್ಕೆ ಹಾಕಿದಂತಾಯಿತು. ಒಂದೊಂದು ಮಡಲಿನ ಬುಡದ ಸಂದಿನಲ್ಲಿ ಒಂದೊಂದು ಹೂಗೊಂಚಲು ಹುಟ್ಟುತ್ತದೆ. ಅದು ಕಣ್ಣಿಗೆ ಕಾಣುವಂತೆ ಅರಳುವ ಸುಮಾರು 32 ತಿಂಗಳ ಮೊದಲೇ ಅದರ ಮೊಳಕೆ ಮರದ ತಲೆಯೊಳಗೆ ರೂಪುಗೊಂಡಿರುತ್ತದೆ. ಅರಳಿದ ಮೇಲೆ ಕಾಯಿ ಬಲಿಯಲು ಇನ್ನೂ ಒಂದು ವರ್ಷ ಬೇಕು. ಆದುದರಿಂದ ಇವತ್ತು ಮರಕ್ಕೆ ಹಸಿವಾದರೆ ಅದರ ಪೂರ್ತಿ ಲೆಕ್ಕ ನಮ್ಮ ಕೈಗೆ ಸಿಗುವಾಗ ಮೂರೂವರೆ ವರ್ಷ ದಾಟಿರುತ್ತದೆ. ಅಷ್ಟರಲ್ಲಿ ನಾವು ಚಪ್ಪರವನ್ನು ಮರೆತು ದೃಷ್ಟಿಯನ್ನು ದೂರುತ್ತಿರುತ್ತೇವೆ.

ಎಲೆ ಇದ್ದರೂ ಬೆಳಕು ತಾಗದಿದ್ದರೆ ಪ್ರಯೋಜನವಿಲ್ಲ. 2016ರಲ್ಲಿ ನಮ್ಮ ದೇಶದಲ್ಲಿ ಮೊದಲು ಕಾಣಿಸಿಕೊಂಡ ಸುರುಳಿ ಬಿಳಿನೊಣ ತೆಂಗಿನ ಗರಿಗಳ ಅಡಿಯಲ್ಲಿ ಕುಳಿತು ರಸ ಹೀರುತ್ತದೆ. ಅದು ಹೊರಹಾಕುವ ಸಿಹಿ ಅಂಟು ಕೆಳಗಿನ ಗರಿಗಳ ಮೇಲೆ ಬಿದ್ದು, ಅದರ ಮೇಲೆ ಮಸಿಯಂತಹ ಕರಿ ಬೂಷ್ಟು ಬೆಳೆಯುತ್ತದೆ. ಕಿಟಿಕಿಗೆ ಕಪ್ಪು ಬಟ್ಟೆ ಕಟ್ಟಿದಂತೆ ಎಲೆಗೆ ಬೆಳಕು ತಪ್ಪುತ್ತದೆ. ಇದಕ್ಕೆ ಕೀಟನಾಶಕ ಹೊಡೆಯಲು ಹೋಗಬೇಡಿ. ಈ ನೊಣದ ಮರಿಗಳೊಳಗೆ ಮೊಟ್ಟೆಯಿಟ್ಟು ಕೊಲ್ಲುವ ಸಣ್ಣ ಕಣಜವೊಂದು ತೋಟದಲ್ಲೇ ಇರುತ್ತದೆ. ವಿಷ ಹೊಡೆದರೆ ಮೊದಲು ಸಾಯುವುದು ಅದು. ಶೇಕಡಾ 1ರ ಗಂಜಿ ದ್ರಾವಣವನ್ನು, ಅಂದರೆ ಒಂದು ಲೀಟರ್ ನೀರಿಗೆ 10 ಗ್ರಾಂ ಪಿಷ್ಟದ ಹುಡಿ ಹಾಕಿ ಕಾಯಿಸಿ ಆರಿಸಿದ್ದನ್ನು, ಎಲೆಗೆ ಸಿಂಪಡಿಸಿದರೆ ಅದು ಒಣಗಿ ಹೊಪ್ಪಳೆಯಾಗಿ ಉದುರುವಾಗ ಬೂಷ್ಟೂ ಜತೆಗೆ ಉದುರುತ್ತದೆ.

ನೀರು ಮೇಲೇರುವುದು ಹೇಗೆ?

ಬಾವಿಯಿಂದ ನೀರೆತ್ತಲು ನಮಗೆ ಪಂಪು ಬೇಕು. ಅರುವತ್ತು ಎಪ್ಪತ್ತು ಅಡಿ ಎತ್ತರದ ತೆಂಗಿನ ತುದಿಗೆ ಸದ್ದಿಲ್ಲದೆ ನೀರು ಏರುತ್ತದೆ. ಅಲ್ಲಿ ಪಂಪು ಎಲ್ಲಿದೆ?

ಇದನ್ನು ಮೊದಲು ಅಳತೆ ಮಾಡಿ ನೋಡಿದವರಲ್ಲಿ ಒಬ್ಬರು ಇಂಗ್ಲೆಂಡಿನ ಟೆಡಿಂಗ್ಟನ್ ಎಂಬ ಊರಿನ ಪಾದ್ರಿ ಸ್ಟೀಫನ್ ಹೇಲ್ಸ್. ಕುಂಡದಲ್ಲಿದ್ದ ಸೂರ್ಯಕಾಂತಿ ಗಿಡದ ಮಣ್ಣಿನ ಮೇಲ್ಭಾಗವನ್ನು ತಗಡಿನಿಂದ ಮುಚ್ಚಿ, ಬೆಳಿಗ್ಗೆ ಸಂಜೆ ಕುಂಡವನ್ನು ತೂಗುತ್ತಿದ್ದರು. ಮೂರೂವರೆ ಅಡಿ ಎತ್ತರದ ಆ ಗಿಡ ಒಂದು ಹಗಲಿನಲ್ಲಿ ಅರ್ಧ ಲೀಟರಿಗೂ ಮಿಕ್ಕಿ ನೀರನ್ನು ಎಲೆಗಳಿಂದ ಆವಿ ಮಾಡುತ್ತಿತ್ತು. ಈ ಪ್ರಯೋಗಗಳ ಪುಸ್ತಕ 1727ರಲ್ಲಿ ಪ್ರಕಟವಾಯಿತು.

1894ರಲ್ಲಿ ಡಿಕ್ಸನ್ ಮತ್ತು ಜೋಲಿ ಎಂಬವರು ಕೊಟ್ಟ ವಿವರಣೆಯನ್ನೇ ಇಂದಿಗೂ ವಿಜ್ಞಾನಿಗಳು ಒಪ್ಪುತ್ತಾರೆ. ಎಲೆಯ ಪತ್ರರಂಧ್ರಗಳಿಂದ ನೀರು ಆವಿಯಾಗಿ ಹೋಗುವಾಗ ಅದರ ಹಿಂದಿನ ಹನಿಯನ್ನು ಎಳೆಯುತ್ತದೆ. ಆ ಹನಿ ತನ್ನ ಹಿಂದಿನದನ್ನು ಎಳೆಯುತ್ತದೆ. ನೀರಿನ ಕಣಗಳು ಒಂದನ್ನೊಂದು ಬಿಗಿಯಾಗಿ ಹಿಡಿದುಕೊಂಡಿರುವುದರಿಂದ ಬೇರಿನ ತುದಿಯಿಂದ ಎಲೆಯ ತುದಿಯವರೆಗೆ ಅದು ಒಂದೇ ಹಗ್ಗದಂತೆ ಇರುತ್ತದೆ. ಎಳೆಯುವವನು ಸೂರ್ಯ. ಈ ಹಗ್ಗ ಹಾದುಹೋಗುವ ಕೊಳವೆಗಳಿಗೆ ಕ್ಸೈಲಂ ಎಂದು ಹೆಸರು. ಬೇರು ಹೀರಿದ ನೀರಿನಲ್ಲಿ ಶೇಕಡಾ 95ಕ್ಕೂ ಹೆಚ್ಚು ಹೀಗೆ ಆವಿಯಾಗಿಯೇ ಹೋಗುತ್ತದೆ. ಹೋಗುವಾಗ ಮಣ್ಣಿನ ಪೋಷಕಾಂಶಗಳನ್ನು ಎಲೆಗೆ ಮುಟ್ಟಿಸಿ, ಎಲೆಯನ್ನು ತಂಪು ಮಾಡಿ ಹೋಗುತ್ತದೆ.

ರಾತ್ರಿ ಸೂರ್ಯನ ಎಳೆತವಿಲ್ಲ. ಆಗ ಬೇರು ಕೆಳಗಿನಿಂದ ತುಸು ತಳ್ಳುತ್ತದೆ. ಮುಂಜಾನೆ ಕೆಸುವಿನ ಎಲೆಯ ತುದಿಯಲ್ಲಿ, ನೇಜಿಯ ತುದಿಯಲ್ಲಿ ಕಾಣುವ ಹನಿ ಎಲ್ಲವೂ ಇಬ್ಬನಿಯಲ್ಲ, ಬೇರು ತಳ್ಳಿದ ನೀರೂ ಅದರಲ್ಲಿದೆ.

ಬೇಸಗೆಯಲ್ಲಿ ಮಣ್ಣು ಒಣಗಿದರೆ ಗಿಡ ನೀರು ಉಳಿಸಲು ಪತ್ರರಂಧ್ರಗಳನ್ನು ಮುಚ್ಚಿಕೊಳ್ಳುತ್ತದೆ. ನೀರೇನೋ ಉಳಿಯಿತು, ಆದರೆ ಅದೇ ಬಾಯಿಯಿಂದ ಒಳಬರಬೇಕಾದ ಗಾಳಿಯೂ ನಿಂತಿತು. ಅಡುಗೆಮನೆಗೆ ಬೀಗ ಬಿದ್ದಿತು. ನೀರಿಲ್ಲದ ಮರ ಬಾಯಾರಿಕೆಯ ಜತೆಗೆ ಹಸಿವಿನಿಂದಲೂ ಬಳಲುತ್ತದೆ. ತೆಂಗಿನ ಪಾತಿಗೆ ನಾಲ್ಕು ದಿನಕ್ಕೊಮ್ಮೆ 200 ಲೀಟರಿನಂತೆ ನೀರು ಕೊಡಬೇಕೆಂದು ಹೇಳುವುದು ಇದೇ ಕಾರಣಕ್ಕೆ. ಸುರಂಗದ ನೀರು, ಮದಕದ ನೀರು ಅಷ್ಟು ಇಲ್ಲದವರು ಪಾತಿಗೆ ತೆಂಗಿನ ಸಿಪ್ಪೆಯನ್ನೋ ಸೊಪ್ಪನ್ನೋ ಹಾಸಿದರೆ ಇದ್ದ ನೀರು ಹೆಚ್ಚು ದಿನ ಬರುತ್ತದೆ.

ನೀರಿನ ದಾರಿ ತುಂಡಾದರೆ ಏನಾಗುತ್ತದೆಂದು ತಿಳಿಯಲು ಜುಲೈ ತಿಂಗಳ ಕರಿಮೆಣಸಿನ ಬಳ್ಳಿಯನ್ನು ನೋಡಿದರೆ ಸಾಕು. ಹೊರಗೆ ಧಾರಾಕಾರ ಮಳೆ, ಬುಡದಲ್ಲಿ ಬೇಕಾದಷ್ಟು ನೀರು, ಆದರೂ ಬಳ್ಳಿ ಬಾಡಿ ನೇತಾಡುತ್ತದೆ. ಶೀಘ್ರ ಸೊರಗು ರೋಗದ ಶಿಲೀಂಧ್ರ ಬುಡದಲ್ಲಿ ಬಳ್ಳಿಯನ್ನು ಕೊಳೆಸಿದೆ, ದಾರಿಯೇ ಕಡಿದುಹೋಗಿದೆ. ಎಲೆ ಬಾಡಿದ ಮೇಲೆ ಔಷಧಿ ಕೊಟ್ಟು ಫಲವಿಲ್ಲ. ಮಳೆಗೆ ಮೊದಲೇ ಬುಡದಲ್ಲಿ ನೀರು ನಿಲ್ಲದಂತೆ ಮಾಡಬೇಕು.

ಕಳ್ಳಿನ ಮಡಕೆ ಕಲಿಸುವ ಪಾಠ

ಎಲೆಯಲ್ಲಿ ಆದ ಸಕ್ಕರೆ ಬೇರಿಗೂ ಹೂವಿಗೂ ಕಾಯಿಗೂ ಹೋಗಬೇಕು. ಅದಕ್ಕೆ ಬೇರೆಯೇ ಕೊಳವೆಗಳಿವೆ, ಹೆಸರು ಫ್ಲೋಯಂ. ಇದರಲ್ಲಿ ಹರಿಯುವ ರಸವನ್ನು ಕಣ್ಣಾರೆ ಕಂಡವರು ನಮ್ಮ ಊರಿನ ಮೂರ್ತೆದಾರರು. ಅರಳದ ಹೂಗೊಂಚಲನ್ನು ಬಿಗಿದು ಕಟ್ಟಿ, ಮೆಲ್ಲನೆ ಬಡಿದು, ತುದಿಯನ್ನು ದಿನಾಲೂ ತೆಳ್ಳಗೆ ಕೆತ್ತಿದರೆ ಮಡಕೆಗೆ ತೊಟ್ಟಿಕ್ಕುವುದು ಇದೇ ರಸ. ಹುಳಿಯಾಗದ ತಾಜಾ ರಸದ ನೂರು ಭಾಗದಲ್ಲಿ ಸಕ್ಕರೆ 12ರಿಂದ 15 ಭಾಗ ಇರುತ್ತದೆ. ಕಾಯಿಗೆ ಹೋಗಬೇಕಾದ ಊಟ ಮಡಕೆಗೆ ಬಂತು. ಆದುದರಿಂದಲೇ ಕಳ್ಳು ಇಳಿಸುವ ಗೊಂಚಲಿನಲ್ಲಿ ಕಾಯಿ ಹಿಡಿಯುವುದಿಲ್ಲ.

ಗೂಟಿ ಕಸಿ ಮಾಡಿದವರೂ ಇದನ್ನು ಕಂಡಿದ್ದಾರೆ. ಪೇರಳೆ ಗೆಲ್ಲಿನಲ್ಲಿ ಬಳೆಯಷ್ಟಗಲ ತೊಗಟೆಯನ್ನು ಸುತ್ತಲೂ ತೆಗೆದರೆ ಗೆಲ್ಲು ಒಣಗುವುದಿಲ್ಲ. ನೀರಿನ ದಾರಿ ಒಳಗಿನ ಮರದಲ್ಲಿದೆ, ಅದಕ್ಕೆ ಏನೂ ಆಗಿಲ್ಲ. ಸಕ್ಕರೆಯ ದಾರಿ ಮಾತ್ರ ತೊಗಟೆಯಲ್ಲಿತ್ತು, ಅದು ತುಂಡಾಯಿತು. ಕೆಳಗಿಳಿಯಲಾರದ ಆಹಾರ ಗಾಯದ ಮೇಲಂಚಿನಲ್ಲಿ ಸೇರಿ ಅಲ್ಲಿ ಊದಿಕೊಳ್ಳುತ್ತದೆ, ಒದ್ದೆ ಪಾಚಿ ಕಟ್ಟಿದರೆ ಅಲ್ಲೇ ಬೇರು ಬಿಡುತ್ತದೆ. 17ನೆಯ ಶತಮಾನದಲ್ಲಿ ಇಟಲಿಯ ಮಾಲ್ಪೀಗಿ ಎಂಬ ವೈದ್ಯ ಇದೇ ರೀತಿ ತೊಗಟೆಯ ಬಳೆ ತೆಗೆದು, ಮೇಲಂಚು ಊದುವುದನ್ನು ಬರೆದಿಟ್ಟಿದ್ದಾನೆ.

ಗೆಲ್ಲಿನಲ್ಲಿ ಮಾಡಿದರೆ ಕಸಿ, ಬುಡದಲ್ಲಿ ಮಾಡಿದರೆ ಕೊಲೆ. ದನ ಕಟ್ಟಲು ಹಲಸಿನ ಗಿಡಕ್ಕೆ ಸುತ್ತಿದ ನೈಲಾನ್ ಹಗ್ಗ, ಬಟ್ಟೆ ಒಣಗಿಸಲು ಮಾವಿಗೆ ಬಿಗಿದ ತಂತಿ ಮರ ದಪ್ಪವಾದಂತೆ ತೊಗಟೆಯೊಳಗೆ ಹೂತುಹೋಗುತ್ತದೆ. ಎಲೆ ತಿಂಗಳುಗಟ್ಟಲೆ ಹಸಿರಾಗಿಯೇ ಇರುತ್ತದೆ. ನೆಲದಡಿಯಲ್ಲಿ ಬೇರು ಉಪವಾಸ ಬಿದ್ದಿರುತ್ತದೆ. ಬೇರು ಸತ್ತ ಮೇಲೆ ಮರ ಒಮ್ಮೆಲೇ ಒಣಗುತ್ತದೆ.

ಅಡಿಕೆ, ತೆಂಗಿಗೆ ಗಾಯ ಮಾಯದು

ಮಾವು, ಹಲಸು, ಗೇರು ಮರಗಳಲ್ಲಿ ತೊಗಟೆಗೂ ಮರಕ್ಕೂ ನಡುವೆ ಕ್ಯಾಂಬಿಯಂ ಎಂಬ ತೆಳು ಪದರವಿದೆ. ಅದು ವರ್ಷ ವರ್ಷವೂ ಹೊಸ ಕೊಳವೆಗಳನ್ನು ಕಟ್ಟುತ್ತದೆ, ಸಣ್ಣ ಗಾಯಗಳನ್ನು ಮುಚ್ಚುತ್ತದೆ. ಕಸಿ ಕಟ್ಟುವಾಗ ಎರಡು ಗಿಡಗಳ ಈ ಪದರ ಒಂದಕ್ಕೊಂದು ತಾಗಿದರೆ ಮಾತ್ರ ಕಸಿ ಹಿಡಿಯುತ್ತದೆ.

ಅಡಿಕೆಗೂ ತೆಂಗಿಗೂ ಈ ಪದರವೇ ಇಲ್ಲ. ಕಡಿದ ಅಡಿಕೆ ಮರದ ಅಡ್ಡಕೊಯ್ತವನ್ನು ನೋಡಿ: ತುಂಬ ಚುಕ್ಕೆ ಚುಕ್ಕೆ ಕಾಣುತ್ತದೆ. ಒಂದೊಂದು ಚುಕ್ಕೆಯೂ ಒಂದು ನಾರಿನ ಎಳೆ. ಒಂದೊಂದು ಎಳೆಯಲ್ಲೂ ನೀರು ಏರುವ ಕೊಳವೆ, ಆಹಾರ ಸಾಗುವ ಕೊಳವೆ ಎರಡೂ ಇವೆ. ಮರದ ಆ ಭಾಗ ಸಸಿಯಾಗಿ ಬೆಳೆದಾಗ ಆದ ಕೊಳವೆಗಳೇ ಕೊನೆಯವರೆಗೂ ದುಡಿಯಬೇಕು. ಐವತ್ತು ವರ್ಷದ ತೆಂಗಿನ ಬುಡದಲ್ಲಿ ಈಗ ನೀರು ಏರುವುದು ಐವತ್ತು ವರ್ಷದ ಹಳೆಯ ಕೊಳವೆಯಲ್ಲಿ. ಒಮ್ಮೆ ಹಾಳಾದರೆ ಹೊಸದು ಬಾರದು. ಹತ್ತಲು ಸುಲಭವೆಂದು ಮರಕ್ಕೆ ಮೆಟ್ಟಿಲು ಕಡಿದರೆ, ವಯರು ಎಳೆಯಲು ಮೊಳೆ ಹೊಡೆದರೆ ಅಷ್ಟು ಎಳೆಗಳು ಶಾಶ್ವತವಾಗಿ ಹೋದವು. ಮರ ಕೂಡಲೇ ಸಾಯುವುದಿಲ್ಲ, ಉಳಿದ ಎಳೆಗಳು ಕೆಲಸ ಮಾಡುತ್ತವೆ. ಆದರೆ ಆ ಗಾಯದಿಂದ ಶಿಲೀಂಧ್ರ ಒಳಹೊಕ್ಕರೆ ಕಾಂಡದಿಂದ ಕಂದು ರಸ ಸೋರುವ ರೋಗಕ್ಕೆ ದಾರಿಯಾಗುತ್ತದೆ.

ಅಡಿಕೆಗೆ ಇನ್ನೊಂದು ಅಪಾಯ ಬಿಸಿಲಿನದು. ನೈರುತ್ಯದಿಂದ ಬೀಳುವ ಮಧ್ಯಾಹ್ನದ ನಂತರದ ಬಿಸಿಲಿಗೆ ಕಾಂಡ ಸುಟ್ಟು, ಮೊದಲು ಹಳದಿಯಾಗಿ, ಆಮೇಲೆ ಕಂದಾಗಿ ಬಿರಿಯುತ್ತದೆ. ಒಂದು ದಿನ ಗಾಳಿಗೆ ಅಲ್ಲೇ ಮುರಿದು ಬೀಳುತ್ತದೆ. ಎಳೆ ತೋಟದ ಅಂಚಿನ ಸಾಲಿಗೆ ಅಡಿಕೆ ಹಾಳೆಯನ್ನೋ ಸೋಗೆಯನ್ನೋ ಕಟ್ಟುವ ಹಿರಿಯರ ಕ್ರಮ ಬಹಳ ಒಳ್ಳೆಯದು. ಹೊಸ ತೋಟ ಮಾಡುವವರು ಉತ್ತರ-ದಕ್ಷಿಣ ಸಾಲನ್ನು ಪಶ್ಚಿಮಕ್ಕೆ 35 ಡಿಗ್ರಿ ವಾಲಿಸಿ ನೆಟ್ಟರೆ ಮರಗಳು ಒಂದಕ್ಕೊಂದು ನೆರಳಾಗುತ್ತವೆ.

ಬೇರಿಗೂ ಹಸಿವಿದೆ, ಉಸಿರಿದೆ

ಬೇರು ಎಲೆಗೆ ಊಟ ಕೊಡುತ್ತದೆಂದು ನಾವು ತಿಳಿದಿದ್ದೇವೆ. ನಿಜವಾಗಿ ಬೇರು ಎಲೆಯ ಕೈಯ ಊಟ ಉಣ್ಣುತ್ತದೆ, ಅದನ್ನು ಅರಗಿಸಲು ಆಮ್ಲಜನಕ ಬೇಕು. ಮಣ್ಣಿನ ಸಂದುಗಳಲ್ಲಿ ನೀರೇ ತುಂಬಿದರೆ ಬೇರು ಉಸಿರುಗಟ್ಟಿ ಸಾಯುತ್ತದೆ. ಮಳೆಗಾಲಕ್ಕೆ ಮೊದಲು ಬೈಲಿನ ಅಡಿಕೆ ತೋಟದ ಕಣಿಗಳನ್ನು ಬಿಡಿಸುವುದು ಬೇರಿನ ಉಸಿರಿಗಾಗಿ.

ಇನ್ನು ಗೊಬ್ಬರ ಹಾಕುವ ಜಾಗ. ತೆಂಗಿನ ಕೆಲಸ ಮಾಡುವ ಬೇರುಗಳಲ್ಲಿ ಹೆಚ್ಚಿನವು ಬುಡದಿಂದ ಸುಮಾರು ಎರಡು ಮೀಟರ್ ಸುತ್ತಳತೆಯೊಳಗೆ ಹರಡಿರುತ್ತವೆ. ಆದುದರಿಂದ ಬುಡದಿಂದ 1.8 ಮೀಟರ್ ದೂರದವರೆಗೆ ಪಾತಿ ಬಿಡಿಸಿ ಎಲ್ಲ ಕಡೆಗೂ ಹರಡಬೇಕು. ಅಡಿಕೆಗೆ ಮುಕ್ಕಾಲರಿಂದ ಒಂದು ಮೀಟರ್ ಸಾಕು. ಒಂದೇ ಕಡೆ ರಾಶಿ ಹಾಕಿದರೆ ಏನಾಗುತ್ತದೆ? ಮಿಡಿ ಮಾವಿಗೆ ಉಪ್ಪು ಹಾಕಿ ಭರಣಿಯಲ್ಲಿಟ್ಟ ನಮ್ಮ ತಾಯಂದಿರಿಗೆ ಇದು ಗೊತ್ತು. ಉಪ್ಪು ಮಿಡಿಯೊಳಗಿನ ನೀರನ್ನು ಹೊರಗೆಳೆಯುತ್ತದೆ, ಮಿಡಿ ಸುಕ್ಕುಗಟ್ಟುತ್ತದೆ. ರಾಶಿ ಹಾಕಿದ ರಾಸಾಯನಿಕ ಗೊಬ್ಬರವೂ ಬೇರಿನಿಂದ ನೀರನ್ನು ಹೊರಗೆಳೆಯುತ್ತದೆ. ನಮ್ಮ ಎರಡು ಮರಗಳು ಇನ್ನಷ್ಟು ಸೊರಗಿದ್ದರ ಗುಟ್ಟು ಇದು.

ಪ್ರಾಯದ ತೆಂಗಿಗೆ ವರ್ಷಕ್ಕೆ ಸಾರಜನಕ 500 ಗ್ರಾಂ, ರಂಜಕ 320 ಗ್ರಾಂ, ಪೊಟ್ಯಾಷ್ 1200 ಗ್ರಾಂ ಬೇಕೆಂದು ಶಿಫಾರಸು ಇದೆ. ಅಂದರೆ ಯೂರಿಯಾ ಸುಮಾರು 1.1 ಕಿಲೋ, ಮ್ಯೂರಿಯೇಟ್ ಆಫ್ ಪೊಟ್ಯಾಷ್ 2 ಕಿಲೋ, ಜತೆಗೆ ಶಿಲಾರಂಜಕ. ಮೂರರಲ್ಲಿ ಒಂದು ಪಾಲು ಮೇ-ಜೂನ್‌ನಲ್ಲಿ, ಎರಡು ಪಾಲು ಸೆಪ್ಟೆಂಬರ್-ಅಕ್ಟೋಬರ್‌ನಲ್ಲಿ. ಅಡಿಕೆಗೆ ಸಾರಜನಕ 100, ರಂಜಕ 40, ಪೊಟ್ಯಾಷ್ 140 ಗ್ರಾಂ. ಜತೆಗೆ ಹಸಿರು ಸೊಪ್ಪು, ಹಟ್ಟಿಗೊಬ್ಬರ ಅಥವಾ ಕಂಪೋಸ್ಟ್ ತಲಾ 12 ಕಿಲೋ. ನಿಮ್ಮ ಮಣ್ಣನ್ನು ಪರೀಕ್ಷೆ ಮಾಡಿಸಿದರೆ ಇದರಲ್ಲಿ ಉಳಿತಾಯವೂ ಆದೀತು.

ಯಾವ ಪೋಷಕಾಂಶ ಕಡಿಮೆಯಾಗಿದೆಯೆಂದು ಎಲೆಯೇ ಹೇಳುತ್ತದೆ. ಸಾರಜನಕ, ಪೊಟ್ಯಾಷ್, ಮೆಗ್ನೀಷಿಯಂ ಕಡಿಮೆಯಾದರೆ ಮರ ಹಳೆಯ ಎಲೆಯಿಂದ ತೆಗೆದು ಎಳೆಯ ಎಲೆಗೆ ಕೊಡುತ್ತದೆ, ತಾಯಿ ತನ್ನ ಬಟ್ಟಲಿನದನ್ನು ಮಗುವಿಗೆ ಬಡಿಸುವ ಹಾಗೆ. ಆಗ ಹಳದಿಯಾಗುವುದು ಕೆಳಗಿನ ಹಳೆಯ ಮಡಲು. ಸುಣ್ಣ, ಬೋರಾನ್, ಕಬ್ಬಿಣ ಹೀಗೆ ಸುಲಭವಾಗಿ ಸ್ಥಳ ಬದಲಿಸುವುದಿಲ್ಲ. ಅವು ಕಡಿಮೆಯಾದರೆ ಕೆಡುವುದು ಎಳೆಯ ಎಲೆ. ತೆಂಗಿನ ಸುಳಿ ಸರಿಯಾಗಿ ಬಿಡಿಸಿಕೊಳ್ಳದೆ ಮುದುಡಿ ನಿಂತರೆ ಬೋರಾನ್ ಕೊರತೆಯ ಸಂಶಯ ಪಡಬೇಕು.

ಆದರೆ ಹಳದಿಯೆಲ್ಲ ಹಸಿವಿನದಲ್ಲ. ಸುಳ್ಯದ ಕಡೆ ತೋಟ ತೋಟಗಳನ್ನೇ ಬರಿದು ಮಾಡಿದ ಅಡಿಕೆಯ ಹಳದಿ ಎಲೆ ರೋಗಕ್ಕೆ ಕಾರಣ ಫೈಟೋಪ್ಲಾಸ್ಮಾ ಎಂಬ ಸೂಕ್ಷ್ಮಜೀವಿ. ಅದು ವಾಸಿಸುವುದು ಫ್ಲೋಯಂ ಕೊಳವೆಗಳಲ್ಲೇ. ಅದನ್ನು ಗುಣಪಡಿಸುವ ಔಷಧಿ ಇಲ್ಲ. ಯಾರಾದರೂ ಬಾಟಲಿ ತೋರಿಸಿ ಗುಣಪಡಿಸುತ್ತೇನೆಂದರೆ ದುಡ್ಡು ಬಿಚ್ಚುವ ಮೊದಲು ಕೃಷಿ ಭವನದಲ್ಲೋ, ಕಾಸರಗೋಡಿನ ಸಿ.ಪಿ.ಸಿ.ಆರ್.ಐ.ಯಲ್ಲೋ ವಿಚಾರಿಸಿ.

ಆರೋಗ್ಯದ ಮಾತು

ಮರದ ದಾರಿಗಳು ಒಳ್ಳೆಯದು ಕೆಟ್ಟದು ಎಂದು ಬೇಧ ಮಾಡುವುದಿಲ್ಲ. ಅಡಿಕೆಯ ಕೊಳೆರೋಗಕ್ಕೆ ನಾವು ಹೊಡೆಯುವ ಬೋರ್ಡೋ ದ್ರಾವಣ ಗೊನೆಯ ಹೊರಮೈಯಲ್ಲೇ ನಿಲ್ಲುತ್ತದೆ. ಆದುದರಿಂದಲೇ ಮಳೆಗೆ ಮೊದಲು ಒಮ್ಮೆ, 40-45 ದಿನ ಕಳೆದು ಇನ್ನೊಮ್ಮೆ, ಗೊನೆ ಪೂರ್ತಿ ತೋಯುವಂತೆ ಹೊಡೆಯಬೇಕು. ಆದರೆ ಅಂತರ್ವ್ಯಾಪಿ ಕೀಟನಾಶಕಗಳು ಹಾಗಲ್ಲ. ಬೇರಿಗೆ ಕಟ್ಟಿದ ವಿಷ ನೀರಿನ ದಾರಿಯಲ್ಲೇ ಮೇಲೇರುತ್ತದೆ, ಎಳನೀರಿಗೂ ಸೇರಬಹುದು. ಹಿಂದೆ ತೆಂಗಿನ ಬೇರಿಗೆ ಮೊನೊಕ್ರೊಟೊಫಾಸ್ ಕಟ್ಟುವಾಗ, ಬಲಿತ ಕಾಯಿ ಮೊದಲೇ ಕೊಯ್ಯಬೇಕು, ಮತ್ತೆ 45 ದಿನ ಕಾಯಿ ಕೊಯ್ಯಬಾರದು ಎಂಬ ನಿಯಮವಿತ್ತು. ಎಷ್ಟು ಮನೆಗಳಲ್ಲಿ ಅದನ್ನು ಪಾಲಿಸಿದರೋ ದೇವರೇ ಬಲ್ಲ. ಕೇರಳದಲ್ಲಿ 2011ರಲ್ಲಿ ಆ ಕೀಟನಾಶಕವನ್ನು ನಿಷೇಧಿಸಲಾಯಿತು. ಮನೆಯ ಮೂಲೆಯಲ್ಲಿ ಹಳೆಯ ಬಾಟಲಿ ಉಳಿದಿದ್ದರೆ ಬಳಸಬೇಡಿ, ತೋಡಿಗೆ ಚೆಲ್ಲಲೂಬೇಡಿ, ಕೃಷಿ ಭವನದವರನ್ನು ಕೇಳಿ. ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದ ದಿನಗಳನ್ನು ಕಂಡ ನಮ್ಮ ಜಿಲ್ಲೆಗೆ ವಿಷದ ಬೆಲೆಯನ್ನು ಯಾರೂ ಹೇಳಿಕೊಡಬೇಕಾಗಿಲ್ಲ. 2011ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು ಅದಕ್ಕೆ ತಡೆ ಹಾಕುವಾಗ ಅನೇಕ ಮನೆಗಳಿಗೆ ತಡವಾಗಿತ್ತು.

ಇನ್ನೊಂದು ಮಾತು. ಬೇರು ಹೀರಿದ ಪೊಟ್ಯಾಷಿನ ಒಂದು ಪಾಲು ಎಳನೀರಿನಲ್ಲಿರುತ್ತದೆ. ವಾಂತಿ ಭೇದಿಯಾದವರಿಗೆ, ಬಿಸಿಲಲ್ಲಿ ದುಡಿದವರಿಗೆ ಎಳನೀರು ಒಳ್ಳೆಯದು. ಆದರೆ ಮೂತ್ರಪಿಂಡದ ಕಾಯಿಲೆ ಇರುವವರಿಗೆ ಪೊಟ್ಯಾಸಿಯಂ ಹೆಚ್ಚಾದರೆ ಹೃದಯಕ್ಕೇ ಅಪಾಯ. ಅಂಥವರು ವೈದ್ಯರನ್ನು ಕೇಳದೆ ಎಳನೀರು ಕುಡಿಯಬಾರದು. ಆಸ್ಪತ್ರೆಗೆ ರೋಗಿಯನ್ನು ನೋಡಲು ಹೋಗುವವರೂ ಇದನ್ನು ನೆನಪಿಟ್ಟುಕೊಳ್ಳುವುದು ಒಳ್ಳೆಯದು.

ನೆನಪಿಡಬೇಕಾದವು

1. ತೆಂಗಿನ ಒಣ ಮಡಲು ತೆಗೆಯಿರಿ, ಹಸಿ ಮಡಲು ಕಡಿಯಬೇಡಿ. ಗೊನೆಗೆ ಆಧಾರವಾಗಿ ನಿಂತಿರುವುದೂ ಅದೇ.
2. ಅಡಿಕೆ, ತೆಂಗಿಗೆ ಮೊಳೆ ಹೊಡೆಯಬೇಡಿ, ಮೆಟ್ಟಿಲು ಕಡಿಯಬೇಡಿ. ಬುಡದಲ್ಲಿ ಕಸಕ್ಕೆ ಬೆಂಕಿ ಹಾಕಬೇಡಿ.
3. ಮಾವು, ಹಲಸಿಗೆ ಕಟ್ಟಿದ ಹಗ್ಗ, ತಂತಿಗಳನ್ನು ಇವತ್ತೇ ಹೋಗಿ ನೋಡಿ, ಬಿಚ್ಚಿಬಿಡಿ.
4. ಗೊಬ್ಬರವನ್ನು ಬುಡಕ್ಕೆ ಸುರಿಯದೆ ಪಾತಿಯುದ್ದಕ್ಕೂ ಹರಡಿ, ಮಣ್ಣಿನಲ್ಲಿ ತೇವ ಇರುವಾಗ ಹಾಕಿ.
5. ಮಳೆಗೆ ಮೊದಲು ಕಣಿ ಬಿಡಿಸಿ, ಬೇಸಗೆಗೆ ಮೊದಲು ಪಾತಿಗೆ ಸೊಪ್ಪು ಹಾಸಿ.
6. ಮರ ಸೊರಗಿದರೆ ಅಂಗಡಿಗೆ ಓಡುವ ಮೊದಲು ತಲೆಯೆತ್ತಿ ಎಲೆಯನ್ನು ನೋಡಿ.

ನಮ್ಮ ಎಂಟು ಮರಗಳಲ್ಲಿ ಆರು ಸುಧಾರಿಸಿಕೊಂಡವು. ಅದಕ್ಕೆ ನಾಲ್ಕು ವರ್ಷ ಹಿಡಿಯಿತು. ಉಳಿದೆರಡನ್ನು ಕಡಿದು ಹಟ್ಟಿಯ ಮಾಡಿಗೆ ಪಕ್ಕಾಸು ಮಾಡಿದೆವು. ಕಿರಿಯ ತಂಗಿಯ ಮದುವೆಗೆ ತಂದೆಯವರು ಪೇಟೆಯಿಂದ ಬಾಡಿಗೆಯ ಶಾಮಿಯಾನ ತರಿಸಿದರು. ನೆರಳು ಹಿಂದಿನಷ್ಟು ತಂಪಾಗಿರಲಿಲ್ಲ, ನೆಂಟರು ಸೆಖೆ ಎಂದರು. ತಂದೆಯವರು ಮಾತ್ರ ಅಂಗಳದ ಅಂಚಿಗೆ ಹೋಗಿ, ತಲೆ ತುಂಬ ಮಡಲು ಹೊತ್ತ ಆರು ಮರಗಳನ್ನು ನೋಡಿ ಬಂದು ಕುಳಿತರು.